ಜೈನ ಅಭ್ಯರ್ಥಿ ಬೇಕೆನ್ನುವವರು ಲಠ್ಠೆಯವರನ್ನು ಓದಲಿ

ಚುನಾವಣೆ ಹತ್ತಿರವಾದಾಗಲೆಲ್ಲ ನಮ್ಮ ಸಭೆ-ಸಮಾರಂಭಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ನಮ್ಮ ಸಮಾಜಕ್ಕೂ ಒಂದು ಟಿಕೆಟ್ ಕೊಡಬೇಕು.’ 2026ರ ಜನವರಿಯಲ್ಲಿ ಥಾಣೆ, ಕಲ್ಯಾಣ-ಡೊಂಬಿವಲಿ ಮತ್ತು ನವಿ ಮುಂಬಯಿ ಮಹಾನಗರಪಾಲಿಕೆಗಳಿಗೆ ಮತದಾನ ನಡೆದಾಗಲೂ ಅದೇ ಮಾತು. ಟಿಕೆಟ್ ದೊರೆತರೆ ಹಾರ-ತುರಾಯಿ, ದೊರೆಯದಿದ್ದರೆ ಮುನಿಸು. ಗೆದ್ದವರು ಯಾರೇ ಆಗಲಿ, ಮುಂದಿನ ಮಹಾವೀರ ಜಯಂತಿಗೆ ಅವರನ್ನು ವೇದಿಕೆಯ ನಡುವಿನ ಕುರ್ಚಿಯಲ್ಲಿ ಕೂರಿಸುವುದು. ನಮ್ಮ ರಾಜಕಾರಣದ ಆದಿ-ಅಂತ್ಯಗಳೆರಡೂ ಇಷ್ಟರಲ್ಲೇ ಮುಗಿಯುತ್ತವೆ.

ಈ ಬೇಡಿಕೆಯೇ ತಪ್ಪು ಎಂಬುದು ನನ್ನ ವಾದ. ಜೈನರು ರಾಜಕಾರಣಕ್ಕೆ ಬರಬಾರದೆಂದು ನಾನು ಹೇಳುತ್ತಿಲ್ಲ, ಬರಲೇಬೇಕು. ಆದರೆ ಜೈನನೆಂಬ ಕಾರಣಕ್ಕೆ ಟಿಕೆಟ್ ಕೇಳುವವನು ಆ ಕ್ಷಣದಲ್ಲೇ ತನ್ನ ಯೋಗ್ಯತೆಯ ಮಾತನ್ನು ಕೈಬಿಟ್ಟಿರುತ್ತಾನೆ. ಸಾರ್ವಜನಿಕ ಜೀವನದಲ್ಲಿ ಜೈನನೊಬ್ಬನು ಎಷ್ಟು ದೂರ ಹೋಗಬಲ್ಲನು, ಯಾವ ದಾರಿಯಿಂದ ಹೋಗಬಲ್ಲನು ಎಂಬುದಕ್ಕೆ ನಮ್ಮಲ್ಲೇ ಒಂದು ದೊಡ್ಡ ನಿದರ್ಶನವಿದೆ. ಅದನ್ನು ನಾವು ಓದಿಲ್ಲ.

ಮೊದಲು ಸಂಖ್ಯೆಗಳನ್ನು ನೋಡೋಣ. 2011ರ ಜನಗಣತಿಯಂತೆ ಭಾರತದಲ್ಲಿ ಜೈನರ ಸಂಖ್ಯೆ ಸುಮಾರು 44.5 ಲಕ್ಷ, ಒಟ್ಟು ಜನಸಂಖ್ಯೆಯ ಶೇ. 0.37. ಮಹಾರಾಷ್ಟ್ರದಲ್ಲಿ 14 ಲಕ್ಷ, ಎಂದರೆ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು. ಕರ್ನಾಟಕದಲ್ಲಿ 4.4 ಲಕ್ಷ, ನೂರಕ್ಕೆ ಒಬ್ಬರೂ ಇಲ್ಲ. ಇನ್ನು ಥಾಣೆಯಿಂದ ಕಲ್ಯಾಣದವರೆಗೆ, ಐರೋಲಿಯಿಂದ ಪನವೇಲದವರೆಗೆ ಚದುರಿಹೋಗಿರುವ ಕನ್ನಡ ಮನೆಮಾತಿನ ಜೈನ ಕುಟುಂಬಗಳೆಂದರೆ ಗುಜರಾತಿ-ಮಾರವಾಡಿ ಜೈನರ ನಡುವೆಯೂ ಅಲ್ಪಸಂಖ್ಯಾತರು. ಬೆಳಗಾವಿ ಕಡೆಯ ಚತುರ್ಥ-ಪಂಚಮರು, ತುಳುನಾಡಿನ ಜೈನರು ಎಲ್ಲರನ್ನೂ ಕೂಡಿಸಿದರೂ ಒಂದು ವಾರ್ಡಿನ ಫಲಿತಾಂಶವನ್ನು ಅಲ್ಲಾಡಿಸುವ ಶಕ್ತಿ ನಮಗಿಲ್ಲ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ನಮ್ಮನ್ನು ರಾಷ್ಟ್ರೀಯ ಅಲ್ಪಸಂಖ್ಯಾತ ಸಮುದಾಯವೆಂದು ಘೋಷಿಸಿತು. ಅದರಿಂದ ವಿದ್ಯಾರ್ಥಿವೇತನ, ಶಿಕ್ಷಣ ಸಂಸ್ಥೆಗಳ ಹಕ್ಕು ಮೊದಲಾದವು ಬಂದವು. ಮತಪೆಟ್ಟಿಗೆ ಬರಲಿಲ್ಲ, ಬರುವಂತೆಯೂ ಇಲ್ಲ. ತಲೆ ಎಣಿಸುವ ಆಟದಲ್ಲಿ ನಾವು ಎಂದೂ ಗೆಲ್ಲಲಾರೆವು. ಆದುದರಿಂದಲೇ ಆ ಆಟವನ್ನು ಆಡದೆ ಮೇಲೆ ಬಂದವರೊಬ್ಬರ ಜೀವನವನ್ನು ತಿಳಿಯಬೇಕಾಗಿದೆ.

ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕು ನಮ್ಮ ಓದುಗರಿಗೆ ಹೊಸದಲ್ಲ. ನಾಂದಣಿ ಮಠದ ಆನೆಯನ್ನು ನ್ಯಾಯಾಲಯದ ಆದೇಶದಂತೆ ಗುಜರಾತಿಗೆ ಸಾಗಿಸಿದಾಗ, 2025ರ ಆಗಸ್ಟಿನಲ್ಲಿ ಸಾವಿರಾರು ಮಂದಿ ಜಾತಿ-ಮತ ನೋಡದೆ ನಾಂದಣಿಯಿಂದ ಕೊಲ್ಹಾಪುರದವರೆಗೆ ನಡೆದರು. ಸುದ್ದಿ ನಮ್ಮ ಪ್ರತಿಯೊಂದು ಮನೆಯ ಮೊಬೈಲಿಗೂ ಬಂದು ಮುಟ್ಟಿತು. ಆ ನಾಂದಣಿಗೆ ಹತ್ತಿರದಲ್ಲೇ, ಅದೇ ತಾಲೂಕಿನಲ್ಲಿ ಕುರುಂದವಾಡವಿದೆ. 1878ರಲ್ಲಿ ಅಲ್ಲಿ ಹುಟ್ಟಿದವರು ಅಣ್ಣಾ ಬಾಬಾಜಿ ಲಠ್ಠೆ, ಜನರ ಬಾಯಲ್ಲಿ ಅಣ್ಣಾಸಾಹೇಬ ಲಠ್ಠೆ. ಆನೆಯ ಹೆಸರು ಬಲ್ಲ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಲಠ್ಠೆಯವರ ಹೆಸರು ಕೇಳಿದ್ದಾರೆ? ಅವರು ಬರೆದುದು ಮರಾಠಿ ಮತ್ತು ಇಂಗ್ಲಿಷಿನಲ್ಲಿ. ಅಷ್ಟಕ್ಕೇ ಅವರನ್ನು ಮರಾಠಿಗರ ಖಾತೆಗೆ ಬರೆದು ಕೈತೊಳೆದುಕೊಂಡಿದ್ದೇವೆ. ಅವರು ವಕೀಲಿ ಮಾಡಿದ ಊರು ಬೆಳಗಾವಿ, ಅವರ ಸಾರ್ವಜನಿಕ ಜೀವನ ಮೊದಲಾದ ಕ್ಷೇತ್ರ ಇಂದಿನ ಕರ್ನಾಟಕದ ನಿಪ್ಪಾಣಿ ಬಳಿಯ ಸ್ತವನಿಧಿ ಎಂಬುದನ್ನು ಮರೆತಿದ್ದೇವೆ.

1899ರಲ್ಲಿ ಸ್ತವನಿಧಿಯಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಸ್ಥಾಪನೆಯಾದಾಗ ಅದರ ಸ್ಥಾಪಕರಲ್ಲಿ ಲಠ್ಠೆಯವರೂ ಒಬ್ಬರು. ವಯಸ್ಸು ಇಪ್ಪತ್ತೊಂದರ ಆಸುಪಾಸು. ಒಕ್ಕಲುತನವನ್ನೇ ನಂಬಿದ್ದ ಸಮಾಜದ ಮಕ್ಕಳಿಗೆ ವಿದ್ಯೆ ಬೇಕು, ಪರ ಊರಿನಲ್ಲಿ ಓದುವವರಿಗೆ ವಸತಿ ಬೇಕು, ಬಾಲ್ಯವಿವಾಹ ನಿಲ್ಲಬೇಕು ಎಂಬುದು ಆ ಸಭೆಯ ಕಾರ್ಯಕ್ರಮವಾಗಿತ್ತು. 1905ರಲ್ಲಿ ಅವರು ಜೈನಧರ್ಮವನ್ನು ಪರಿಚಯಿಸುವ ಇಂಗ್ಲಿಷ್ ಪುಸ್ತಕವನ್ನು ಪ್ರಕಟಿಸಿದರು. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸಿದರು. ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿ ದುಡಿದರು. ಜೈನ ಬೋರ್ಡಿಂಗಿನ ಮೇಲ್ವಿಚಾರಣೆ ವಹಿಸಿದರು. ಶಾಹು ಮಹಾರಾಜರ ಪ್ರೋತ್ಸಾಹದಿಂದ ಸಮುದಾಯಕ್ಕೊಂದು ವಿದ್ಯಾರ್ಥಿನಿಲಯ ಕೊಲ್ಹಾಪುರದಲ್ಲಿ ತಲೆಯೆತ್ತುತ್ತಿದ್ದ ಕಾಲ ಅದು. ಗಮನಿಸಿ: ಅವರು ಪದವಿ ಕೇಳಿಕೊಂಡು ಸಮಾಜವನ್ನು ಮೆಟ್ಟಿಲು ಮಾಡಿಕೊಳ್ಳಲಿಲ್ಲ. ಮೊದಲು ಸಮಾಜದ ಕೆಲಸ, ಆಮೇಲೆ ವೃತ್ತಿ, ಅದಕ್ಕೂ ಆಮೇಲೆ ರಾಜಕಾರಣ.

ಇಲ್ಲಿಗೆ ನಿಲ್ಲಿಸಿದರೆ ಈ ಬರಹ ನಮ್ಮ ಜಯಂತಿ ಭಾಷಣಗಳಲ್ಲಿ ಇನ್ನೊಂದಾದೀತು. ನಮ್ಮ ಭಾಷಣಕಾರರು ಹೇಳದೆ ಬಿಡುವ ಸಂಗತಿಯೊಂದಿದೆ. ಆ ಬೋರ್ಡಿಂಗಿನಲ್ಲಿ ಕುಂಭೋಜದ ಒಬ್ಬ ಜೈನ ಹುಡುಗನಿದ್ದನು. ಅವನ ಪೂರ್ವಜರು ಮೂಡಬಿದಿರೆಯಿಂದ ಬಂದವರೆಂದು ಹೇಳುತ್ತಾರೆ. 1908ರಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ಕೊಲ್ಹಾಪುರದಲ್ಲಿ ಆರಂಭವಾದ ಮಿಸ್ ಕ್ಲಾರ್ಕ್ ವಿದ್ಯಾರ್ಥಿನಿಲಯದ ಸಮಾರಂಭಕ್ಕೆ ಅವನು ಹೋಗಿಬಂದನು. ಸ್ನಾನ ಮಾಡಿಯೇ ಊಟಕ್ಕೆ ಕೂರಬೇಕೆಂದು ಹೇಳಿದರೆ ಮಾಡಲೊಪ್ಪಲಿಲ್ಲ. ಅವನನ್ನು ಬೋರ್ಡಿಂಗಿನಿಂದ ಹೊರಹಾಕಲಾಯಿತು. ಆ ಶಿಕ್ಷೆ ವಿಧಿಸಿದವರು ಲಠ್ಠೆಯವರೇ ಎಂದು ಆ ಹುಡುಗನ ಚರಿತ್ರೆಗಳು ಹೇಳುತ್ತವೆ. ಹುಡುಗನ ಹೆಸರು ಭಾವುರಾವ್ ಪಾಟೀಲ. ಮುಂದೆ ನಾಡೆಲ್ಲ ‘ಕರ್ಮವೀರ’ ಎಂದು ಕರೆದವರು.

ಸಮ್ಯಗ್ದರ್ಶನದ ಎಂಟು ಅಂಗಗಳನ್ನು ನಾವು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದವರು. ಮೂರನೆಯದು ನಿರ್ವಿಚಿಕಿತ್ಸಾ: ದೇಹವನ್ನು ನೋಡಿ ಅಸಹ್ಯಪಡದಿರುವುದು. ಸಮಂತಭದ್ರಾಚಾರ್ಯರು ಶ್ರಾವಕಾಚಾರದಲ್ಲಿ ಸಮ್ಯಗ್ದೃಷ್ಟಿಯ ಮುಂದೆ ಹುಟ್ಟಿದ ಕುಲಕ್ಕೆ ಬೆಲೆಯಿಲ್ಲವೆಂದು ಸ್ಪಷ್ಟವಾಗಿ ಸಾರಿದ್ದಾರೆ. ಆ ದಿನ ಬೋರ್ಡಿಂಗಿನಲ್ಲಿ ಜಿನಧರ್ಮವನ್ನು ಪಾಲಿಸಿದವನು ಹೊರಬಿದ್ದ ವಿದ್ಯಾರ್ಥಿ. ಪಾಲಿಸದೆ ಹೋದವರು ಎಂ.ಎ. ಓದಿದ, ಧರ್ಮಗ್ರಂಥ ಬರೆದ ಮೇಲ್ವಿಚಾರಕರು. ಸುಧಾರಕನಾದವನೂ ತನ್ನ ಸಮಾಜದ ದಾನಿಗಳಿಗೂ ಪಂಚರಿಗೂ ಹೆದರಿ ಎಲ್ಲಿ ಎಡವುತ್ತಾನೆ ಎಂಬುದಕ್ಕೆ ಇದು ಸಾಕ್ಷಿ. ಐದನೆಯ ಅಂಗವಾದ ಉಪಗೂಹನದ ಹೆಸರು ಹೇಳಿ ಇದನ್ನು ಮುಚ್ಚಿಡಬೇಕೆನ್ನುವವರಿದ್ದಾರೆ. ಉಪಗೂಹನವೆಂದರೆ ಅಶಕ್ತರ ದೋಷದಿಂದ ಧರ್ಮಕ್ಕೆ ಕಳಂಕ ಬಾರದಂತೆ ಕಾಯುವುದು; ಇತಿಹಾಸದ ಪುಟವನ್ನು ಹರಿಯುವುದಲ್ಲ.

ಕತೆಯ ಉತ್ತರಾರ್ಧ ಇನ್ನೂ ತೀಕ್ಷ್ಣವಾಗಿದೆ. 1914ರಲ್ಲಿ ಕೊಲ್ಹಾಪುರದಲ್ಲಿ ಬ್ರಿಟಿಷ್ ರಾಜಮನೆತನದ ಪ್ರತಿಮೆಗೆ ಯಾರೋ ಡಾಂಬರು ಬಳಿದರು. ಲಠ್ಠೆಯವರನ್ನು ಅದರಲ್ಲಿ ಸಿಲುಕಿಸುವ ಪ್ರಯತ್ನ ನಡೆಯಿತು. ಅವರ ವಿರುದ್ಧ ಸಾಕ್ಷಿ ನುಡಿಯುವಂತೆ ಭಾವುರಾವ್ ಪಾಟೀಲರ ಮೇಲೆ ಒತ್ತಡ ಬಂತು. ತನ್ನನ್ನು ಹೊರದೂಡಿದವರ ಮೇಲೆ ಸೇಡು ತೀರಿಸಿಕೊಳ್ಳಲು ಒಂದು ಸುಳ್ಳು ಸಾಕಾಗಿತ್ತು. ಅವರು ಆ ಸುಳ್ಳನ್ನು ಹೇಳಲಿಲ್ಲ. ಸೆರೆಯಲ್ಲಿ ಚಿತ್ರಹಿಂಸೆ ಅನುಭವಿಸಿದರು. ಸುಳ್ಳು ಹೇಳುವುದಕ್ಕಿಂತ ಸಾವೇ ಲೇಸೆಂದು ಪ್ರಾಣ ಕಳೆದುಕೊಳ್ಳಲೂ ಯತ್ನಿಸಿದರು. ಸತ್ಯಾಣುವ್ರತದ ಮೇಲೆ ಉಪನ್ಯಾಸ ಏರ್ಪಡಿಸುವ ನಾವು ಈ ಉದಾಹರಣೆಯನ್ನು ಏಕೆ ಹೇಳುವುದಿಲ್ಲ? ಹೇಳಿದರೆ ಬೋರ್ಡಿಂಗಿನ ಸ್ನಾನದ ಕತೆಯನ್ನೂ ಹೇಳಬೇಕಾಗುತ್ತದೆ, ಅದಕ್ಕೆ.

ಕೊಲ್ಹಾಪುರವನ್ನು ಬಿಟ್ಟ ಲಠ್ಠೆಯವರು ಬೆಳಗಾವಿಯಲ್ಲಿ ವಕೀಲಿ ಹಿಡಿದರು. ಜಿಲ್ಲಾ ಊರಿನ ವಕೀಲನ ಬಳಿಗೆ ಬರುವುದು ಹೊಲದ ಬದು, ಸಾಹುಕಾರನ ಸಾಲಪತ್ರ, ಗೇಣಿಯ ತಕರಾರು. ಹಾಗೆ ಬಂದ ರೈತನ ದನಿ ಅವರ ರಾಜಕಾರಣದ ದನಿಯಾಯಿತು. ಬ್ರಾಹ್ಮಣೇತರ ಚಳವಳಿಯ ಮುಂದಾಳುಗಳಲ್ಲಿ ಒಬ್ಬರಾಗಿ ಅವರು ಲಿಂಗಾಯತ, ಮರಾಠ, ಜೈನ ಒಕ್ಕಲಿಗರನ್ನು ಒಂದೇ ವೇದಿಕೆಗೆ ತಂದವರ ಸಾಲಿನಲ್ಲಿ ನಿಂತರು. ಮಾಂಟೆಗು-ಚೆಮ್ಸ್‌ಫರ್ಡ್ ಸುಧಾರಣೆಗಳ ನಂತರ 1921ರಲ್ಲಿ ಕೂಡಿದ ಮೊದಲ ಕೇಂದ್ರ ಶಾಸನ ಸಭೆಯಲ್ಲಿ ಸದಸ್ಯರಾದರು. 1924ರಲ್ಲಿ ಶಾಹು ಮಹಾರಾಜರ ಜೀವನಚರಿತ್ರೆಯನ್ನು ಇಂಗ್ಲಿಷಿನಲ್ಲಿ ಎರಡು ಸಂಪುಟಗಳಲ್ಲಿ ಬರೆದರು. ಯಾವ ಊರಿನಿಂದ ಹೊರಡಬೇಕಾಯಿತೋ ಅದೇ ಕೊಲ್ಹಾಪುರಕ್ಕೆ ಆ ದಶಕದ ಉತ್ತರಾರ್ಧದಲ್ಲಿ ದಿವಾನರಾಗಿ ಮರಳಿದರು. ಆಮೇಲೆ ಕಾಂಗ್ರೆಸ್ ಸೇರಿ, 1937ರಲ್ಲಿ ಬಿ.ಜಿ. ಖೇರರ ಮುಂಬಯಿ ಪ್ರಾಂತ ಮಂತ್ರಿಮಂಡಲದಲ್ಲಿ ಹಣಕಾಸು ಮಂತ್ರಿಯಾದರು. ಅದೇ ಮಂತ್ರಿಮಂಡಲದಲ್ಲಿ ಕನ್ಹಯ್ಯಾಲಾಲ್ ಮುನ್ಷಿ, ಮೊರಾರ್ಜಿ ದೇಸಾಯಿ ಅವರ ಸಹೋದ್ಯೋಗಿಗಳು. ಈ ಏರಿಕೆಯ ಯಾವ ಮೆಟ್ಟಿಲಿನಲ್ಲೂ ಜೈನರ ಮತ ಅವರನ್ನು ಎತ್ತಲಿಲ್ಲ; ಎತ್ತುವಷ್ಟು ಮತ ಅಂದೂ ನಮ್ಮಲ್ಲಿರಲಿಲ್ಲ.

ಹಣಕಾಸು ಮಂತ್ರಿಯಾಗಿ ಅವರು ಮಾಡಿದ ಒಂದು ಕೆಲಸವನ್ನು ಲೆಕ್ಕಪತ್ರವೇ ವೃತ್ತಿಯಾಗಿರುವ ನಾನು ಎಲ್ಲಕ್ಕಿಂತ ದೊಡ್ಡದೆಂದು ಭಾವಿಸುತ್ತೇನೆ. ಆ ಸರ್ಕಾರ 1939ರ ಆಗಸ್ಟ್ 1ರಿಂದ ಮುಂಬಯಿ ನಗರದಲ್ಲಿ ಪಾನನಿಷೇಧವನ್ನು ಜಾರಿಗೆ ತಂದಿತು. ಮದ್ಯತ್ಯಾಗ ಶ್ರಾವಕನ ಮೂಲಗುಣ. ಅದರ ಮೇಲೆ ಪ್ರವಚನ ಮಾಡಲು ಕಾಸು ಖರ್ಚಾಗುವುದಿಲ್ಲ. ಆದರೆ ಸರ್ಕಾರಕ್ಕೆ ಖರ್ಚಾಗುತ್ತದೆ: ಅಬಕಾರಿ ಆದಾಯ ನಿಂತರೆ ಬೊಕ್ಕಸದಲ್ಲಿ ತೂತು ಬೀಳುತ್ತದೆ. ಅದನ್ನು ಮುಚ್ಚಲು ಲಠ್ಠೆಯವರು ರೈತನ ಕಂದಾಯ ಏರಿಸಲಿಲ್ಲ, ಶಾಲೆಯ ಅನುದಾನ ಕಡಿಯಲಿಲ್ಲ. ಮುಂಬಯಿಯೇ ಮೊದಲಾದ ನಗರಗಳ ಸ್ಥಿರಾಸ್ತಿಯ ಮೇಲೆ, ವಾರ್ಷಿಕ ಬಾಡಿಗೆ ಮೌಲ್ಯದ ಶೇ. 10ರಷ್ಟು ಹೊಸ ತೆರಿಗೆ ಹಾಕಿದರು. ನಗರದ ಕಟ್ಟಡಗಳ ಒಡೆಯರು ಯಾರು? ಪಾರಸಿಗಳು, ಗುಜರಾತಿ ವ್ಯಾಪಾರಿಗಳು, ಅವರಲ್ಲಿ ನಮ್ಮ ಸಹಧರ್ಮೀಯ ಶ್ರೀಮಂತರೂ ಇದ್ದರು. ಪ್ರತಿಭಟನೆಯ ಬಿರುಗಾಳಿ ಎದ್ದಿತು. ಇದು ತೆರಿಗೆಯ ವೇಷದಲ್ಲಿರುವ ಆದಾಯ ತೆರಿಗೆ, ಪ್ರಾಂತಕ್ಕೆ ಈ ಅಧಿಕಾರವಿಲ್ಲ ಎಂದು ಸರ್ ಬೈರಾಮ್‌ಜೀ ಜೀಜೀಭಾಯಿಯವರು ಹೈಕೋರ್ಟಿಗೆ ಹೋದರು. ಇದು ಭೂಮಿ ಮತ್ತು ಕಟ್ಟಡಗಳ ಮೇಲಿನ ತೆರಿಗೆಯೇ, ಪ್ರಾಂತದ ಅಧಿಕಾರದೊಳಗಿನದೇ ಎಂದು ಪೂರ್ಣಪೀಠ ತೀರ್ಪಿತ್ತಿತು. ಆ ತೀರ್ಪನ್ನು ತೆರಿಗೆ ಕಾನೂನಿನವರು ಇಂದಿಗೂ ಉಲ್ಲೇಖಿಸುತ್ತಾರೆ.

ಪಾನನಿಷೇಧದಿಂದ ಕುಡಿತ ನಿಂತಿತೇ ಎಂದು ಕೇಳುವವರಿರಬಹುದು. ಆ ಸಂಶಯಕ್ಕೆ ಆಧಾರಗಳಿವೆ, ಅದು ಬೇರೆ ಚರ್ಚೆ. ಇಲ್ಲಿ ನೋಡಬೇಕಾದುದು ಧೈರ್ಯವನ್ನು. ನೀತಿಯೊಂದಕ್ಕೆ ಬೆಲೆಯಿದೆಯೆಂದು ಒಪ್ಪಿಕೊಂಡು, ಆ ಬೆಲೆಯನ್ನು ಲೆಕ್ಕ ಹಾಕಿ, ಅದನ್ನು ತೆರಬಲ್ಲವರ ಹೆಸರಿಗೆ ಬಿಲ್ಲು ಬರೆಯುವುದೇ ಆ ಧೈರ್ಯ. ಅಪರಿಗ್ರಹವು ಪ್ರವಚನ ಮಂಟಪದಿಂದ ಹೊರಬಂದು ಮುಂಗಡಪತ್ರದೊಳಗೆ ಕಾಲಿಟ್ಟದ್ದು ಹೀಗೆ. ಅದೇ ವರ್ಷ ಅದೇ ಸರ್ಕಾರ ಕೃಷಿ ಸಾಲಗಾರರ ಪರಿಹಾರದ ಶಾಸನವನ್ನೂ ತಂದಿತು. ಸಾಲ ಕೊಟ್ಟವರಲ್ಲಿಯೂ ನಮ್ಮವರಿದ್ದರು. ಇಂದು ನಾವು ಕೇಳುವ ‘ಜೈನ ಶಾಸಕ’ ಇಂಥ ಒಂದೇ ಒಂದು ಕೆಲಸ ಮಾಡಿದರೆ ಮರುದಿನವೇ ಅವನ ಸನ್ಮಾನಪತ್ರವನ್ನು ಹಿಂದಕ್ಕೆ ಕೇಳುವವರು ನಾವೇ ಅಲ್ಲವೇ?

‘ಅದು ಆ ಕಾಲ, ಈಗ ಹಣವಿಲ್ಲದೆ, ಜಾತಿಯಿಲ್ಲದೆ ಚುನಾವಣೆ ಇಲ್ಲ’ ಎಂಬ ಆಕ್ಷೇಪ ಬರುತ್ತದೆ. ಈ ಕಾಲದ ಉದಾಹರಣೆಗಳೇ ಅದನ್ನು ಸುಳ್ಳಾಗಿಸುತ್ತವೆ. ಅದೇ ಶಿರೋಳ ತಾಲೂಕಿನ ರಾಜು ಶೆಟ್ಟಿಯವರು 2009 ಮತ್ತು 2014ರಲ್ಲಿ ಹಾತಕಣಂಗಲೆಯಿಂದ ಲೋಕಸಭೆಗೆ ಆರಿಸಿಬಂದದ್ದು ಕಬ್ಬಿನ ಬೆಲೆಗೆ ಹೋರಾಡಿದವರೆಂದು. ಅವರು ಜೈನರೆಂಬುದು ಅನೇಕ ಮತದಾರರಿಗೆ ನೆನಪಿಗೂ ಬಂದಿರಲಿಕ್ಕಿಲ್ಲ. ವೇಣೂರಿನ ವಿ. ಧನಂಜಯ ಕುಮಾರ್ ಅವರು ವಕೀಲಿಯಿಂದ ಬಂದವರು. ಜೈನರು ಬೆರಳೆಣಿಕೆಯಷ್ಟಿರುವ ಮಂಗಳೂರು ಕ್ಷೇತ್ರದಿಂದ 1991ರಿಂದ 1999ರವರೆಗಿನ ನಾಲ್ಕು ಚುನಾವಣೆಗಳಲ್ಲಿ ಗೆದ್ದು ಕೇಂದ್ರ ಸಚಿವರೂ ಆದರು. ಅವರ ಪಕ್ಷಗಳನ್ನು, ನಿಲುವುಗಳನ್ನು ಒಪ್ಪುವುದೂ ಬಿಡುವುದೂ ಬೇರೆ ಮಾತು. ಇಬ್ಬರೂ ನಮ್ಮ ಕೋಟಾದಿಂದ ಬಂದವರಲ್ಲ. ರೈತ ಸಂಘಟನೆಯೊಬ್ಬರನ್ನು, ಪಕ್ಷದ ಸಂಘಟನೆ ಇನ್ನೊಬ್ಬರನ್ನು ಬೆಳೆಸಿತು.

ಹಾಗಾದರೆ ಈ ಉಪನಗರಗಳಲ್ಲಿ ನಮ್ಮ ಸಾರ್ವಜನಿಕ ಕೆಲಸ ಏನಿದೆ? ನವಿ ಮುಂಬಯಿ ಮತ್ತು ಕಲ್ಯಾಣ-ಡೊಂಬಿವಲಿ ಪಾಲಿಕೆಗಳ ಅವಧಿ 2020ರಲ್ಲೇ ಮುಗಿದಿತ್ತು, ಥಾಣೆಯದು 2022ರಲ್ಲಿ. ಚುನಾವಣೆ ನಡೆಯುವವರೆಗೂ ಆಡಳಿತಾಧಿಕಾರಿಯೇ ತೆರಿಗೆ ವಿಧಿಸಿದನು, ಅವನೇ ಖರ್ಚು ಮಾಡಿದನು. ಪ್ರಾತಿನಿಧ್ಯವಿಲ್ಲದೆ ತೆರಿಗೆ ಕಟ್ಟಿದ ಆ ವರ್ಷಗಳಲ್ಲಿ ನಮ್ಮ ಎಷ್ಟು ಸಂಘಗಳು ಅದನ್ನು ಪ್ರಶ್ನಿಸಿ ಠರಾವು ಮಾಡಿದವು? ಡೊಂಬಿವಲಿಯ ಎಂಐಡಿಸಿಯಲ್ಲಿ 2016ರ ಮೇ ತಿಂಗಳಿನಲ್ಲಿ ಒಮ್ಮೆ, 2024ರ ಮೇ ತಿಂಗಳಿನಲ್ಲಿ ಇನ್ನೊಮ್ಮೆ ರಾಸಾಯನಿಕ ಕಾರ್ಖಾನೆ ಸ್ಫೋಟಿಸಿ ಹಲವರು ಜೀವ ತೆತ್ತರು. ನೀರನ್ನು ಸೋಸಿ ಕುಡಿಯುವ, ಇರುವೆಯನ್ನೂ ತುಳಿಯದ ನಮ್ಮ ಅಹಿಂಸೆಗೆ ಮನೆಯ ಪಕ್ಕದ ಬಾಯ್ಲರ್ ಒಂದು ವಿಷಯವೇ ಅಲ್ಲವೇ? ಒಂದು ಆನೆಗಾಗಿ ಊರೂರೇ ನಡೆಯಬಲ್ಲದೆಂದು ತೋರಿಸಿಕೊಟ್ಟ ಮೇಲೆ, ಸಂಘಟಿಸಲು ಬರುವುದಿಲ್ಲವೆಂಬ ನೆಪ ಉಳಿಯಲಿಲ್ಲ.

ಮಾಡಬಹುದಾದ ಕೆಲಸಗಳು ಕಣ್ಣೆದುರಿಗೇ ಇವೆ. ಮಹಾರಾಷ್ಟ್ರದ ಮಹಾನಗರಪಾಲಿಕೆಗಳಲ್ಲಿ ನಾಮನಿರ್ದೇಶಿತ ಸದಸ್ಯರ ಸ್ಥಾನಗಳಿವೆ. ಆಡಳಿತದ ವಿಶೇಷ ಜ್ಞಾನವುಳ್ಳ ವೈದ್ಯ, ವಕೀಲ, ಎಂಜಿನಿಯರ್, ಲೆಕ್ಕ ಪರಿಶೋಧಕರಂಥವರಿಗಾಗಿ ಅವು ಇರುವುದು. ಪಕ್ಷಗಳು ಅವನ್ನು ತಮ್ಮವರಿಗೆ ಹಂಚುತ್ತವೆ, ನಿಜ. ಆದರೆ ಯೋಗ್ಯರು ಕದ ತಟ್ಟದಿದ್ದರೆ ಹಂಚುವವರಿಗೆ ನಾಚಿಕೆಯಾದರೂ ಏಕಾಗಬೇಕು? ನಮ್ಮಲ್ಲಿ ವಕೀಲರೂ ಲೆಕ್ಕ ಪರಿಶೋಧಕರೂ ಬೇಕಾದಷ್ಟಿದ್ದಾರೆ. ಅವರಲ್ಲಿ ನಾಲ್ವರು ವರ್ಷಕ್ಕೊಮ್ಮೆ ಕುಳಿತು ತಮ್ಮ ಪಾಲಿಕೆಯ ಮುಂಗಡಪತ್ರವನ್ನು ಓದಿ, ಶಾಲೆ-ಆಸ್ಪತ್ರೆ-ಚರಂಡಿಗೆ ಇಟ್ಟದ್ದೆಷ್ಟು, ಖರ್ಚಾದದ್ದೆಷ್ಟು ಎಂದು ಒಂದು ಪುಟದಲ್ಲಿ ಬರೆದು ಊರವರೆಲ್ಲರಿಗೂ ಹಂಚಲಿ. ಆ ಒಂದು ಪುಟ ನೂರು ಫ್ಲೆಕ್ಸುಗಳಿಗಿಂತ ದೊಡ್ಡ ಪ್ರಭಾವನೆ. ಪಾಲಿಕೆಯ ಲೆಕ್ಕ ಕೇಳುವ ಮೊದಲು ನಮ್ಮ ಲೆಕ್ಕವನ್ನೂ ಕೊಡೋಣ: ಪ್ರತಿಯೊಂದು ಬಸದಿ, ಸಂಘ, ಟ್ರಸ್ಟಿನ ಪರಿಶೋಧಿತ ಲೆಕ್ಕಪತ್ರ ಚಾರಿಟಿ ಕಮಿಷನರ ಕಚೇರಿಯ ಕಡತದಲ್ಲಷ್ಟೇ ಅಲ್ಲ, ಬಸದಿಯ ಗೋಡೆಯ ಮೇಲೂ ಇರಲಿ. ಕಲಶದ ಸವಾಲಿನಲ್ಲಿ ಕೂಗಿದ ಮೊತ್ತ ಎಲ್ಲರಿಗೂ ಕೇಳಿಸುತ್ತದೆ. ಅದು ಎಲ್ಲಿ ಹೋಯಿತೆಂಬುದೂ ಕೇಳಿಸಲಿ.

ಇನ್ನೊಂದು ಕೆಲಸ ವಿದ್ಯಾರ್ಥಿನಿಲಯ. ಬೆಳಗಾವಿ, ಚಿಕ್ಕೋಡಿ, ಜಮಖಂಡಿ, ಕಾರ್ಕಳಗಳಿಂದ ಓದಿಗೆ, ಕೆಲಸಕ್ಕೆ ನವಿ ಮುಂಬಯಿಗೆ ಬರುವ ಹುಡುಗ-ಹುಡುಗಿಯರು ಹಾಸಿಗೆಯೊಂದಕ್ಕೆ ತಿಂಗಳಿಗೆ ಸಾವಿರಗಟ್ಟಲೆ ಕೊಟ್ಟು ಇಕ್ಕಟ್ಟಿನಲ್ಲಿ ಬದುಕುತ್ತಾರೆ. ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ಕಟ್ಟಿ ನಡೆಸುತ್ತಿರುವಾಗ ನಮ್ಮ ಸಮಾಜ ಒಂದು ವಿದ್ಯಾರ್ಥಿನಿಲಯ ಕಟ್ಟಲಾರದೇ? ಕಟ್ಟುವುದಾದರೆ ಒಂದು ಷರತ್ತು: ಊಟ ಶುದ್ಧ ಸಸ್ಯಾಹಾರವಿರಲಿ, ರಾತ್ರಿಭೋಜನ ಇಲ್ಲದಿರಲಿ, ಆದರೆ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಲಿ. 1908ರ ಆ ಬೋರ್ಡಿಂಗಿನ ಬಾಗಿಲು ಮತ್ತೊಮ್ಮೆ ಯಾರ ಮುಖದೆದುರಿಗೂ ಮುಚ್ಚಬಾರದು.

ಏಕೆಂದರೆ ಹೊರಬಿದ್ದ ಹುಡುಗ ಏನು ಮಾಡಿದನೆಂಬುದು ನಮ್ಮ ಕಣ್ಣ ಮುಂದಿದೆ. ಭಾವುರಾವ್ ಪಾಟೀಲರು 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಸಾತಾರದಲ್ಲಿ ಎಲ್ಲ ಜಾತಿಯ ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣ್ಣಿಸಿದರು. 1927ರಲ್ಲಿ ಗಾಂಧೀಜಿ ಅಲ್ಲಿಗೆ ಬಂದು ನೋಡಿದರು. 1959ರಲ್ಲಿ ಪದ್ಮಭೂಷಣ ಬಂದ ವರ್ಷವೇ ಅವರು ತೀರಿಕೊಂಡರು. ಲಠ್ಠೆಯವರು ಮಂತ್ರಿಯಾದರು, 1950ರಲ್ಲಿ ನಿಧನರಾದರು. ಭಾವುರಾವ್ ಯಾವ ಮಂತ್ರಿಗಿರಿಯನ್ನೂ ಏರಲಿಲ್ಲ. ಆದರೂ ಇಂದು ವಾಶಿಯಲ್ಲಿ ಅವರ ಹೆಸರಿನ ಕಾಲೇಜಿದೆ, ಪನವೇಲದಲ್ಲಿ ಅವರ ಸಂಸ್ಥೆಯದೇ ಕಾಲೇಜಿದೆ. ನಮ್ಮ ಎಷ್ಟೋ ಮನೆಗಳ ಮಕ್ಕಳು ಅಲ್ಲಿ ಓದುತ್ತಾರೆ, ಆ ಹೆಸರು ಒಬ್ಬ ಜೈನನದೆಂದು ತಿಳಿಯದೆಯೇ. ತಿಳಿಯದಿರುವುದೇ ಒಂದು ಲೆಕ್ಕದಲ್ಲಿ ಅವರಿಗೆ ಸಂದ ಗೌರವ: ಎಲ್ಲರೂ ಅವರನ್ನು ತಮ್ಮವರೆಂದುಕೊಂಡಿದ್ದಾರೆ.

ಆದುದರಿಂದ ಮುಂದಿನ ಚುನಾವಣೆಗೆ ಟಿಕೆಟ್ ಬೇಡುವ ನಿಯೋಗವನ್ನು ಕಳಿಸುವುದು ಬೇಡ. ಅಭ್ಯರ್ಥಿ ಜೈನನೇ ಎಂದು ಕೇಳುವ ಬದಲು ಪಾಲಿಕೆಯ ಮುಂಗಡಪತ್ರವನ್ನು ಓದಿದ್ದಾನೆಯೇ ಎಂದು ಕೇಳೋಣ. ಅವನು ಜೈನನೇ ಆಗಿದ್ದರೆ ಇನ್ನೂ ಒಂದು ಪ್ರಶ್ನೆ ಕೇಳೋಣ: ನಮ್ಮ ಮೇಲೆಯೇ ತೆರಿಗೆ ಹಾಕಬೇಕಾಗಿ ಬಂದರೆ ಹಾಕುವೆಯಾ? ಹೌದೆನ್ನುವವನು ಸಿಕ್ಕ ದಿನ ಅವನಿಗೆ ನಮ್ಮ ಶಿಫಾರಸೇ ಬೇಕಾಗುವುದಿಲ್ಲ.